ಎಡಗೈ ಸಾಲು

ಜೂನ್ 10, ಸೋಮವಾರ

ಈ ಡೈರಿಯನ್ನು ಅಂಗಡಿಗೆ ಫೋಮ್ ತರುವ ಏಜೆಂಟ್ ಹೊಸ ವರ್ಷಕ್ಕೆ ಕೊಟ್ಟುಹೋಗಿದ್ದ. ಹೊಲಿಗೆ ಮಿಷನ್ ಅಲುಗಾಡದಿರಲೆಂದು ಅದರ ಕಾಲಿನ ಕೆಳಗೆ ಇಟ್ಟಿದ್ದೆ. ಇವತ್ತು ಎಳೆದು ತೆಗೆದೆ. ಬರೆಯುವ ಚಟ ನನಗೆಂದೂ ಇರಲಿಲ್ಲ. ಹೇಳುವುದಿದ್ದರೆ ಇವರಿಗೆ ಹೇಳುತ್ತಿದ್ದೆ, ಇವರು ಬೈಯುತ್ತಿದ್ದರು, ಅಲ್ಲಿಗೆ ಮನಸ್ಸು ಹಗುರಾಗುತ್ತಿತ್ತು. ಈಗ ಬೈಯುವವರ ಬಾಯಿಯೇ ಒಂದು ಕಡೆಗೆ ವಾಲಿಕೊಂಡಿದೆ.

ಹೋದ ತಿಂಗಳು ಕೆಲಸ ಮಾಡುತ್ತಿದ್ದ ಹಾಗೇ ಇವರ ಕೈಯಿಂದ ಸುತ್ತಿಗೆ ಬಿತ್ತು. ಎತ್ತಿಕೊಡಲಿಲ್ಲ ಎಂದು ರೇಗುತ್ತಾರಲ್ಲ ಎಂದು ಮಿಷನ್ ಬಿಟ್ಟು ಎದ್ದರೆ, ಮನುಷ್ಯ ಗೋಡೆಗೆ ಒರಗಿ ಕುಸಿದು ಕೂತಿದ್ದಾರೆ. ಲಕ್ವ. ಬಲಗೈ, ಬಲಗಾಲು, ಮುಖದ ಬಲಭಾಗ. ಈಗ ಆಸ್ಪತ್ರೆಯಿಂದ ಮನೆಗೆ ಬಂದಾಗಿದೆ. ಮನೆ ಎಂದರೆ ಮುಂದೆ ಅಂಗಡಿ, ಹಿಂದೆ ಒಂದು ರೂಮು, ಅದರ ಬೆನ್ನಿಗೆ ಅಡುಗೆಮನೆ. ರೂಮಿನಲ್ಲಿ ಮಲಗಲು ಒಪ್ಪಲಿಲ್ಲ. ಮಂಚವನ್ನು ಅಂಗಡಿಗೇ ತಂದು ಹಾಕಿದೆವು. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್ ಹುಡುಗಿಯರು ಬೆಳಿಗ್ಗೆ ಬಸ್ಸಿಗೆ ಓಡುವಾಗ ಒಂದು ಕ್ಷಣ ನಿಂತು ಇವರನ್ನು ನೋಡಿ ಹೋಗುತ್ತಾರೆ.

ಬೋರ್ಡಿನಲ್ಲಿ “ಮುರುಗೇಶ್ ಸೋಫಾ ವರ್ಕ್ಸ್” ಎಂದಿದೆ. ಬಟ್ಟೆ ಹೊಲಿಯುವುದು ನಾನು. ಮರ, ಸ್ಪ್ರಿಂಗು, ಮೊಳೆ ಎಲ್ಲ ಇವರದು. ಮದುವೆಯಾದಾಗಿನಿಂದ ನಾನು ಸುತ್ತಿಗೆ ಹಿಡಿದದ್ದು ಗೋಡೆಗೆ ಕ್ಯಾಲೆಂಡರ್ ಹೊಡೆಯಲು ಮಾತ್ರ, ಅದನ್ನೂ ಕಿತ್ತು ಇವರು ಮತ್ತೆ ಹೊಡೆದಿದ್ದರು. ಅಂಗಡಿಯ ಮಧ್ಯೆ ಕುರುಬರಹಳ್ಳಿ ರಾಮಯ್ಯನವರ ಎರಡು ಹಳೇ ತೇಗದ ಕುರ್ಚಿಗಳು ಹಾಗೇ ನಿಂತಿವೆ, ಒಳಗಿನ ನಾರು, ಸ್ಪ್ರಿಂಗು ಎಲ್ಲ ಬಿಚ್ಚಿ ಬರೀ ಎಲುಬು. ಇವರು ಮಲಗಿದಲ್ಲಿಂದ ಅವನ್ನೇ ನೋಡುತ್ತಿರುತ್ತಾರೆ. ಇವರು ಎದ್ದ ಮೇಲೆ ಮಾಡಿಕೊಡುತ್ತಾರೆ ಎಂದು ಎಲ್ಲರಿಗೂ ಹೇಳುತ್ತಿದ್ದೇನೆ.

ಜೂನ್ 13, ಗುರುವಾರ

ರಾಮಯ್ಯನವರು ಬಂದಿದ್ದರು. ಕುರುಬರಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ಹೊಲ ಉತ್ತವರು, ಈಗ ಮೂರು ಬಿಲ್ಡಿಂಗಿನ ಒಡೆಯರು. ದೊಡ್ಡ ಮನುಷ್ಯ, ಆದರೆ ಮಂಚದ ಪಕ್ಕದಲ್ಲಿ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಒದ್ದಾಡಿದರು.

“ಮಗಳು ರಮ್ಯಶ್ರೀದು ಶ್ರಾವಣದಲ್ಲಿ ನಿಶ್ಚಿತಾರ್ಥ ಇಟ್ಕೊಂಡಿದೀವಿ ಕಣಮ್ಮ. ಹುಡುಗ ಹುಡುಗಿ ಈ ಕುರ್ಚಿ ಮೇಲೇ ಕೂತ್ಕೋಬೇಕು ಅಂತ ನಮ್ಮಮ್ಮನ ಆಸೆ. ನಮ್ಮ ತಾತ ಕೂತಿದ್ದ ಕುರ್ಚಿ. ಕಷ್ಟ ಆದ್ರೆ ಹೇಳು, ಬೇರೆ ಕಡೆ ಕೊಡ್ತೀನಿ, ಏನೂ ಬೇಜಾರಿಲ್ಲ.”

“ಮಾಡ್ಕೊಡ್ತೀನಿ,” ಎಂದೆ.

“ಯಾರು?” ಎಂದರು.

“ನಾನೇ.”

ಅದು ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ಇವರು ಒಂದೇ ಕಣ್ಣಿನಲ್ಲಿ ನನ್ನನ್ನು ಸುಡುವ ಹಾಗೆ ನೋಡಿದರು, ಇನ್ನೊಂದು ಕಣ್ಣು ಪೂರ್ತಿ ತೆರೆಯುವುದಿಲ್ಲ. ರಾಮಯ್ಯನವರು ಹೋದ ಮೇಲೆ ಇವರು ಅಂದದ್ದು ಒಂದೇ ಮಾತು: “ಮಾನ ಕಳೀತೀಯ.”

ಜೂನ್ 15, ಶನಿವಾರ

ಹೆಬ್ಬೆರಳು ಊದಿಕೊಂಡಿದೆ. ಪೆನ್ನು ಹಿಡಿಯಲು ಆಗುತ್ತಿಲ್ಲ. ಮಾನ ಇನ್ನೂ ಹೋಗಿಲ್ಲ, ಉಗುರು ಹೋಗಿದೆ.

ಜೂನ್ 18, ಮಂಗಳವಾರ

ಫಿಸಿಯೋಥೆರಪಿಯ ಚೈತ್ರ ಸ್ಕೂಟರಿನಲ್ಲಿ ಬಸವೇಶ್ವರನಗರದಿಂದ ಬರುತ್ತಾಳೆ. ಕೈಕಾಲು ಆಡಿಸಿ, ಇವರಿಂದ ಬೈಸಿಕೊಂಡು, ನಗುತ್ತಾ ಹೋಗುತ್ತಾಳೆ. ಅವಳಿಗೆ ಇವರ ಮಾತು ತಿಳಿಯುವುದಿಲ್ಲವಲ್ಲ, ಅದೇ ಪುಣ್ಯ.

ಇವತ್ತು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು. “ಆಂಟಿ, ಊಟ ಆದ್ಮೇಲೆ ಪ್ರತಿ ಸಲ ಬೆರಳು ಹಾಕಿ ಬಲಗೆನ್ನೆ ಒಳಗಡೆ ತಡಕಿ ನೋಡ್ಬೇಕು. ಆ ಕಡೆ ಏನಿದ್ರೂ ಅಂಕಲ್‌ಗೆ ಗೊತ್ತಾಗಲ್ಲ. ಅನ್ನ ಅಲ್ಲೇ ಉಳ್ಕೊಂಡು ಮಲಗಿದಾಗ ಶ್ವಾಸಕ್ಕೆ ಇಳಿದ್ರೆ ಕಷ್ಟ. ಮರೀಬೇಡಿ.”

ಊಟವಾದ ಮೇಲೆ ಬೆರಳು ಹಾಕಿದೆ. ನಿಜವಾಗಿಯೂ ಒಂದು ತುತ್ತು ಅನ್ನ ಅಲ್ಲೇ ಕೂತಿತ್ತು. ಇವರಿಗೆ ನಾಚಿಕೆಯಾಗಿ ಗೋಡೆಯ ಕಡೆ ಹೊರಳಿದರು. ನಾನು “ಮಕ್ಕಳಿಲ್ಲ ಅಂತ ಅಳ್ತಿದ್ರಲ್ಲ, ಈಗ ಸಿಕ್ಕಿತಲ್ಲ ಒಂದು,” ಎಂದು ತಮಾಷೆ ಮಾಡಿದೆ. ತಮಾಷೆ ಮಾಡಬಾರದಿತ್ತು.

ಜೂನ್ 22, ಶನಿವಾರ

ಸೀಟಿನ ಕೆಳಗೆ ನಿವಾರು ಪಟ್ಟಿ ಎಳೆದು ಹೆಣೆದೆ. ಅದರ ಮೇಲೆ ಸ್ಪ್ರಿಂಗು ಕೂರಿಸಿ, ಹುರಿಯಿಂದ ಎಂಟು ದಿಕ್ಕಿಗೂ ಬಿಗಿಯಬೇಕು. ಒಂದನ್ನು ಅದುಮಿದರೆ ಇನ್ನೊಂದು ಏಳುತ್ತದೆ. ಈಗ ಎಲ್ಲರೂ ಫೋಮ್ ತುಂಬಿ ಮುಗಿಸುತ್ತಾರೆ. ನಾನೂ ಹಾಗೇ ಮಾಡೋಣ ಎಂದೆ. ಇವರು ಎಡಗೈಯಿಂದ ಮಂಚದ ಕಂಬಿಯನ್ನು ಬಡಿದು ಬಡಿದು ಬೇಡವೆಂದರು. ತೇಗದ ಕುರ್ಚಿಗೆ ಫೋಮ್ ಹಾಕುವವನು ಹೆಣಕ್ಕೆ ಪೌಡರ್ ಹಾಕುತ್ತಾನಂತೆ. ಲಕ್ವ ಹೊಡೆದರೂ ನಾಲಿಗೆಯ ವಿಷ ಇಳಿದಿಲ್ಲ.

ಮಂಚದಿಂದಲೇ ಹೇಳುತ್ತಾ ಹೋದರು, ನಾನು ಕಟ್ಟುತ್ತಾ ಹೋದೆ. ಇವರ ಮಾತು ಬೇರೆ ಯಾರಿಗೂ ತಿಳಿಯುವುದಿಲ್ಲ, ನನಗೆ ಮಾತ್ರ ಸಲೀಸು. ಯಾಕೆಂದು ಇವತ್ತು ಹೊಳೆಯಿತು. ಸೋಫಾ ಕೆಲಸದವರು ಒಂದು ಹಿಡಿ ಸಣ್ಣ ಮೊಳೆಗಳನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ನಾಲಿಗೆಯಲ್ಲೇ ಒಂದೊಂದನ್ನು ತಿರುಗಿಸಿ ತಲೆ ಮುಂದು ಮಾಡಿ ತುಟಿಗೆ ತರುತ್ತಾರೆ, ಅಯಸ್ಕಾಂತದ ಸುತ್ತಿಗೆ ಅದನ್ನು ತುಟಿಯಿಂದಲೇ ಎತ್ತಿಕೊಂಡು ಮರಕ್ಕೆ ಹೊಡೆಯುತ್ತದೆ. ಒಂದು ಕೈ ಬಟ್ಟೆ ಎಳೆದು ಹಿಡಿಯಲು ಖಾಲಿ ಇರುತ್ತದೆ. ಇಷ್ಟು ವರ್ಷ ಇವರು ನನ್ನ ಜೊತೆ ಆಡಿದ್ದೆಲ್ಲ ಬಾಯಿ ತುಂಬ ಮೊಳೆ ಇಟ್ಟುಕೊಂಡೇ. “ಕತ್ತರಿ ಕೊಡು, ಊಟ ಆಯ್ತಾ, ನಿನ್ನ ತಲೆ” ಎಲ್ಲವೂ ಹೀಗೇ ತೊದಲಾಗಿ ಬರುತ್ತಿತ್ತು. ನನಗೆ ಅಭ್ಯಾಸವಾಗಿಹೋಗಿದೆ.

ನಾನೂ ನಾಲ್ಕು ಮೊಳೆ ಬಾಯಿಗೆ ಹಾಕಿಕೊಂಡು ನೋಡಿದೆ. ತುಕ್ಕಿನ ರುಚಿ. ವಾಕರಿಕೆ ಬಂದು ಉಗಿದುಬಿಟ್ಟೆ. ಇವರು ನಕ್ಕರು. ಅರ್ಧ ಬಾಯಲ್ಲಿ ನಕ್ಕರೂ ಅದು ನಗುವೇ. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ.

ಜುಲೈ 2, ಮಂಗಳವಾರ

ಮೊದಲ ಕುರ್ಚಿಯ ಸ್ಪ್ರಿಂಗು ಮುಗಿಯಿತು. ಮೂರು ಸಲ ಬಿಚ್ಚಿಸಿದರು. ನಾಲ್ಕನೇ ಸಲ ಪಕ್ಕದ ಕಾಂತರಾಜು ಮತ್ತು ನಾನು ಇವರನ್ನು ಹಿಡಿದೆತ್ತಿ ಕುರ್ಚಿಯ ಮೇಲೆ ಕೂರಿಸಿದೆವು. ಕಾಂತರಾಜು ಮರಗೆಲಸದವನು, ಪಾಲಿಷ್ ಅವನದೇ, ಇವರ ಕೈಕೆಳಗೆ ಬೆಳೆದವನು. ಇವರು ಮೈ ಭಾರ ಎಡಕ್ಕೆ ಬಲಕ್ಕೆ ಬಿಟ್ಟು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತರು. ಆಮೇಲೆ “ಹೂಂ” ಎಂದರು.

ಇವರಿಂದ ಒಂದು ಹೂಂ ಎಂದರೆ ಬೇರೆಯವರ ಸನ್ಮಾನ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಸೇರಿದ ಹಾಗೆ. ನನಗೆ ಅಳು ಬಂತು. ಸಾರಿಗೆ ಒಗ್ಗರಣೆ ಹಾಕುವ ನೆಪದಲ್ಲಿ ಒಳಗೆ ಹೋದೆ.

ಜುಲೈ 11, ಗುರುವಾರ

ಇವರ ಅಕ್ಕ ಪಟಾಲಮ್ಮ ಬಂದಿದ್ದರು. ಇವರನ್ನು ಎತ್ತಿ ಬೆಳೆಸಿದವರು ಅವರೇ, ಹಾಗಾಗಿ ಬೈಯುವ ಹಕ್ಕು ಎರಡು ಪಾಲು. ನಾನು ಮೊಳೆ ಬಾಯಲ್ಲಿಟ್ಟುಕೊಂಡು ಕೂತಿದ್ದೆ. ಹೊಸ್ತಿಲಲ್ಲೇ ನಿಂತರು.

“ಏನೇ ಇದು ಅವತಾರ? ಗಂಡ ಮಲಗಿದಾನೆ, ಇವಳು ಗಂಡಸಿನ ಹಾಗೆ ಕಾಲು ಚಾಚ್ಕೊಂಡು ಕೂತವಳೆ. ಬೀದೀಲಿ ಹೋಗೋರು ಏನಂದ್ಕೋತಾರೆ?”

ಮೊಳೆಗಳನ್ನು ಅಂಗೈಗೆ ಉಗಿದು ಹೇಳಿದೆ, “ಸೋಫಾ ರಿಪೇರಿ ಮಾಡ್ತಾವಳೆ ಅಂದ್ಕೋತಾರೆ.”

ಇವರು ಮಂಚದಲ್ಲಿ ಕಿಸಕ್ಕೆಂದರು. ಪಟಾಲಮ್ಮನಿಗೆ ಸಿಟ್ಟು ಬಂದರೂ ತಮ್ಮ ನಕ್ಕನಲ್ಲ ಎಂದು ಕಣ್ಣು ತುಂಬಿಕೊಂಡಿತು. ತಂದಿದ್ದ ಮುದ್ದೆ, ಉಪ್ಸಾರು ತಿನ್ನಿಸಿದರು. ಬೆರಳು ಹಾಕಿ ಕೆನ್ನೆ ತಡಕುವುದನ್ನು ನನ್ನ ಹತ್ತಿರ ನೋಡಿ ಕಲಿತರು.

ಆಷಾಢವಾದರೂ ಕೆಲಸ ಬರುತ್ತಿದೆ. ಮೊದಮೊದಲು ಬಂದವರು ಬಾಗಿಲಲ್ಲಿ ನಿಂತು “ಅಣ್ಣ ಇಲ್ವಾ?” ಎನ್ನುತ್ತಿದ್ದರು. ಈಗ “ಅಕ್ಕಾ, ಸ್ವಲ್ಪ ನೋಡಿ” ಎನ್ನುತ್ತಾರೆ. ವಿಜಯನಗರದ ಒಬ್ಬ ಮೇಡಂ ಬಟ್ಟೆ ಆರಿಸುವುದನ್ನು ಪೂರ್ತಿ ನನಗೇ ಬಿಟ್ಟರು. ಇವರ ಹತ್ತಿರ ಕೇಳಿ ಹೇಳುತ್ತೇನೆ ಎನ್ನಬೇಕಿತ್ತು. ಮರೆತುಹೋಯಿತು.

ಜುಲೈ 19, ಶುಕ್ರವಾರ

ಚೈತ್ರ ಖುಷಿಯಲ್ಲಿದ್ದಳು. ಇವರು ಗೋಡೆ ಹಿಡಿದು ಅಂಗಡಿಯ ಆ ತುದಿಯಿಂದ ಈ ತುದಿಗೆ ನಡೆದರು. ಎಡಗೈಯ ಹಿಡಿತ ಎಷ್ಟು ಬಿಗಿಯಾಗಿದೆ ಎಂದರೆ ಅವಳ ಕೈ ಬಿಡಿಸಿಕೊಳ್ಳಲು ಅವಳಿಗೇ ಆಗಲಿಲ್ಲ.

“ಆಂಟಿ, ಹೀಗೇ ಆದ್ರೆ ದಸರಾ ಹೊತ್ತಿಗೆ ಅಂಕಲ್ ಚಿಕ್ಕಪುಟ್ಟ ಕೆಲಸ ಶುರು ಮಾಡ್ಬೋದು. ಅಂಗಡಿ ಅವರೇ ನೋಡ್ಕೋತಾರೆ, ನೀವು ರೆಸ್ಟ್ ತಗೊಳ್ಳಿ.”

ಇವರ ಮುಖ ಅರಳಿತು. ನಾನು ಶ್ಯಾವಿಗೆ ಪಾಯಸ ಮಾಡಿದೆ. ಎಲ್ಲ ದೇವರಿಗೂ ಕೈ ಮುಗಿದೆ. ಆದರೆ ಹೊಟ್ಟೆಯೊಳಗೆ ಖುಷಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಸುಸ್ತಿರಬೇಕು. ಸಂಜೆ ಮಿಷನ್ ಮುಂದೆ ಕೂತರೆ ಯಾಕೋ ಮೈ ಉರಿಯಿತು, ಇಷ್ಟು ದಿನ ಇದರ ಮುಂದೆ ಬೆನ್ನು ಬಗ್ಗಿಸಿ ಹೇಗೆ ಕೂತಿದ್ದೆನೋ ಅನ್ನಿಸಿತು.

ಜುಲೈ 30, ಮಂಗಳವಾರ

ಮೊದಲ ಕುರ್ಚಿ ಪೂರ್ತಿ ಮುಗಿದಿದೆ. ಜೇನು ಬಣ್ಣದ ಬಟ್ಟೆ, ಕೆಳಗೆ ನಾರು, ಅದರ ಮೇಲೆ ಹತ್ತಿ, ಅಂಚಿನ ಮೊಳೆ ಮುಚ್ಚಲು ಲೇಸು. ಕಾಂತರಾಜು ಮರಕ್ಕೆ ಪಾಲಿಷ್ ಹೊಡೆದಿದ್ದಾನೆ. ರಾಮಯ್ಯನವರ ತಾತ ಎದ್ದು ಬಂದರೂ ತಮ್ಮದೆಂದು ಗುರುತಿಸಲಾರರು. ನಾನು ಅದರ ಫೋಟೋ ತೆಗೆದು ವಿಜಯನಗರದ ಮೇಡಂಗೆ ಕಳಿಸಿ, ನಮ್ಮ ಅಂಗಡಿಯ ಕೆಲಸ ನೋಡಿ ಎಂದು ಹಾಕಿದೆ. ಆಮೇಲೆ ಓದಿದರೆ, ನನ್ನ ಅಂಗಡಿ ಎಂದು ಟೈಪಾಗಿದೆ.

ಆಗಸ್ಟ್ 6, ಮಂಗಳವಾರ

ಇವರು ಎಡಗೈಗೆ ಸುತ್ತಿಗೆ ತೆಗೆದುಕೊಂಡಿದ್ದಾರೆ. ಎರಡನೇ ಕುರ್ಚಿಯ ಕೆಳಪಟ್ಟಿಗೆ ಮೊಳೆ ಹೊಡೆಯುತ್ತಾರೆ. ಮೊಳೆ ಹಿಡಿಯಲು ಇನ್ನೊಂದು ಕೈ ಇಲ್ಲ. ನಾನು ಒಂದೊಂದೇ ಮೊಳೆಯನ್ನು ಸುತ್ತಿಗೆಯ ಅಯಸ್ಕಾಂತಕ್ಕೆ ಕಚ್ಚಿಸಿ ಕೊಡಬೇಕು. ಇವರು ಹೊಡೆಯುವವರೆಗೆ ಕಾಯಬೇಕು. ನನ್ನ ಕೆಲಸವೆಲ್ಲ ನಿಂತಿದೆ.

“ಬಾಯಿಗೆ ಹಾಕು,” ಎಂದರು. ಬಾಯಿ ಇದ್ದರೆ ಒಂದೇ ಕೈ ಸಾಕಂತೆ. ಆಗುವುದಿಲ್ಲ ಎಂದೆ. ಅನ್ನವೇ ಗೊತ್ತಾಗದ ಕೆನ್ನೆಗೆ ಮೊಳೆ ಗೊತ್ತಾಗುತ್ತದೆಯೇ ಎಂದು ಕೇಳಿದೆ. ಹಲ್ಲು ಕಚ್ಚಿದರು.

ಹೊಡೆದ ಮೊಳೆಗಳು ಕುಡುಕನ ಹೆಜ್ಜೆಯ ಹಾಗೆ ಆ ಕಡೆ ಈ ಕಡೆ ಹೋಗಿದ್ದವು. ಮಧ್ಯಾಹ್ನ ಇವರು ನಿದ್ದೆ ಹೋದಾಗ ಎಲ್ಲ ಕಿತ್ತು ನಾನೇ ಹೊಡೆದೆ.

ಆಗಸ್ಟ್ 8, ಗುರುವಾರ

ಮತ್ತೆ ಕಿತ್ತೆ. ಕೀಳುವಾಗ ಕಣ್ಣು ಬಿಟ್ಟುಕೊಂಡೇ ಮಲಗಿದ್ದರು.

ಆಗಸ್ಟ್ 12, ಸೋಮವಾರ

ಇವತ್ತು ದೊಡ್ಡ ಜಗಳ. ಬರೆದೇ ಮುಗಿಸುತ್ತೇನೆ, ಇಲ್ಲದಿದ್ದರೆ ಎದೆ ಒಡೆಯುತ್ತದೆ.

ಎರಡನೇ ಕುರ್ಚಿಗೆ ಉಳಿದಿದ್ದು ಬೆನ್ನಿನ ಹಿಂಬದಿ ಒಂದೇ. ಬಟ್ಟೆ ಎಳೆದು ಮೇಲಿನ ಪಟ್ಟಿಗೆ ಒಂದು ಸಾಲು ಮೊಳೆ ಹೊಡೆದು, ಮೇಲೆ ಲೇಸು ಅಂಟಿಸಿದರೆ ಮುಗಿಯಿತು. ಅದನ್ನು ತಾನೇ ಹೊಡೆಯುತ್ತೇನೆ ಎಂದು ಹಟ ಹಿಡಿದರು. ಬೇಡ, ಶನಿವಾರ ಕೊಡಬೇಕು, ಕೆಡಿಸಿದರೆ ಮತ್ತೆ ಬಟ್ಟೆ ತರಲು ಚಿಕ್ಕಪೇಟೆಗೆ ಓಡಬೇಕು ಎಂದೆ.

“ನಾನು ಹೊಡೆದಿದ್ದನ್ನ ಕೀಳ್ತೀಯ. ಕಳ್ಳಿ ಹಾಗೆ ಕೀಳ್ತೀಯ,” ಎಂದರು.

“ಸೊಟ್ಟಗಿದ್ರೆ ಕೀಳ್ದೆ ಪೂಜೆ ಮಾಡ್ಲಾ?”

“ಇದು ನನ್ನ ಅಂಗಡಿ.”

“ಹೌದು, ಬೋರ್ಡ್ ನಿಮ್ದು. ಬೆನ್ನು ಯಾರ್ದು?”

ಇವರು ಎಡಗೈ ಚಾಚಿ ಮೊಳೆಯ ಡಬ್ಬಿಗೆ ಕೈ ಹಾಕಿದರು, ನಾನು ಎಳೆದುಕೊಂಡೆ. ಲಕ್ವದವರ ಜೊತೆ ಡಬ್ಬಿಗೆ ಜಗ್ಗಾಡಿದೆ, ನಾನು. ಆಗ ಇವರು ಎಂದೂ ಅನ್ನದ ಮಾತು ಅಂದರು. “ನಾನು ಏಳೋದು ನಿಂಗೆ ಬೇಡ.”

ಮೈಯೆಲ್ಲ ಬೆಂಕಿ ಬಿತ್ತು. ಡಬ್ಬಿಯನ್ನು ಇವರ ತೊಡೆಯ ಮೇಲೆ ಎಸೆದೆ. “ತಗೋ. ಬಾಯಿಗೆ ಹಾಕ್ಕೋ, ಮೂಗಿಗೆ ಹಾಕ್ಕೋ. ನೀನೇ ಮಾಡು, ನೀನೇ ಮೆರಿ,” ಎಂದೆ. ಇವರಿಗೆ ಏಕವಚನ ಹಾಕಿದ್ದು ಜನ್ಮದಲ್ಲಿ ಇದೇ ಮೊದಲು. ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಮಾಗಡಿ ರೋಡಿನಲ್ಲಿ ಬಸ್ ಹಿಡಿದು, ಕೆಲಸವಿಲ್ಲದಿದ್ದರೂ ಚಿಕ್ಕಪೇಟೆಗೆ ಹೋಗಿ, ಬೇಡದ ನಾಲ್ಕು ಬಟ್ಟೆ ಮುಟ್ಟಿ ನೋಡಿ, ವಾಪಸ್ ಬಂದೆ.

ಬಂದಾಗ ಇವರು ಸ್ಟೂಲಿನ ಮೇಲೆ ಕುರ್ಚಿಯ ಬೆನ್ನಿಗೆ ಎದೆ ಆನಿಸಿಕೊಂಡು ಕೂತಿದ್ದರು. ಬಾಯಲ್ಲಿ ಮೊಳೆ. ಬಟ್ಟೆಯ ಮೇಲೆ ಆಡದ ಬಲಗೈಯ ಭಾರ ಬಿಟ್ಟು ಒತ್ತಿ ಹಿಡಿದಿದ್ದರು, ಕೊನೆಯ ಮೊಳೆಯನ್ನು ತುಟಿಯ ಎಡತುದಿಗೆ ತಂದು ಸುತ್ತಿಗೆಗೆ ಕಚ್ಚಿಸಿ ಹೊಡೆದರು. ಸಾಲು ಮುಗಿದಿತ್ತು. ಈ ತುದಿಯಿಂದ ಆ ತುದಿಗೆ ದಾರ ಹಿಡಿದು ಹೊಡೆದ ಹಾಗೆ ನೆಟ್ಟಗಿತ್ತು. ಲಕ್ವ ಹೊಡೆಯುವ ಮೊದಲು ಹೇಗೆ ಹೊಡೆಯುತ್ತಿದ್ದರೋ ಹಾಗೇ.

ನನ್ನನ್ನು ನೋಡಿ ಉಳಿದ ಮೊಳೆಗಳನ್ನು ಅಂಗೈಗೆ ಉಗಿದು ಡಬ್ಬಿಗೆ ಹಾಕಿದರು. ಹೇಗಿದೆ ಎಂದು ಹುಬ್ಬು ಹಾರಿಸಿದರು. ಶರ್ಟೆಲ್ಲ ಬೆವರಿನಲ್ಲಿ ಒದ್ದೆ.

“ಸರಿ,” ಎಂದು ಒಳಗೆ ಹೋದೆ.

ಅನ್ನ ಸಾರು ಕಲಸಿ ಮುಂದಿಟ್ಟೆ. ಎಡಗೈಯಲ್ಲೇ ತಿಂದರು. ಬಾಯಿ ತಡಕಲು ಹೋಗಲಿಲ್ಲ. ಅಷ್ಟು ಗಟ್ಟಿಗರಾದವರು ತಮ್ಮ ಬಾಯಿ ತಾವೇ ನೋಡಿಕೊಳ್ಳಲಿ. ಒಂದು ದಿನ ನಾನೂ ಕೈ ತೊಳೆದುಕೊಂಡು ಸುಮ್ಮನೆ ಕೂರುತ್ತೇನೆ.

ಆಗಸ್ಟ್ 14, ಬುಧವಾರ

ಲೇಸು ಅಂಟಿಸಿದೆ. ಇವರಿಗೆ ಬೆಳಿಗ್ಗೆಯಿಂದ ಕೆಮ್ಮು. ಪಾಲಿಷ್ ವಾಸನೆಗೆ ಇರಬೇಕು. ಶುಂಠಿ ಕಷಾಯ ಕೊಟ್ಟೆ.

ಆಗಸ್ಟ್ 17, ಶನಿವಾರ

ನಿನ್ನೆ ವರಮಹಾಲಕ್ಷ್ಮಿ ಹಬ್ಬ. ಇವರಿಗೆ ಮೈ ಬೆಚ್ಚಗಿತ್ತು, ಒಬ್ಬಟ್ಟು ಬೇಡವೆಂದರು. ಇವತ್ತು ರಾಮಯ್ಯನವರ ಟೆಂಪೋ ಬಂತು. ಎರಡು ಕುರ್ಚಿಗಳೂ ಹೋದವು. ರಾಮಯ್ಯನವರು ಕೂತು, ಎದ್ದು, ಮತ್ತೆ ಕೂತರು. “ಲೇ ಮುರುಗೇಶ, ನಿನ್ನ ಹೆಂಡ್ತಿ ನಿನ್ನೇ ಮೀರಿಸಿಬಿಟ್ಲಲ್ಲೋ,” ಎಂದು ನಕ್ಕರು. ಬೆನ್ನಿನ ಸಾಲು ಇವರು ಹೊಡೆದದ್ದು ಎಂದು ನಾನು ಹೇಳಬಹುದಿತ್ತು. ಅಷ್ಟರಲ್ಲಿ ಟೆಂಪೋದವನು ಹಗ್ಗ ಕೇಳಿದ. ಇವರಿಗೂ ಹೇಳಿಕೊಳ್ಳಲು ಆಗಲಿಲ್ಲ, ಕೆಮ್ಮು ಬಿಡಲಿಲ್ಲ.

ಆಗಸ್ಟ್ 19, ಸೋಮವಾರ

ಜ್ವರ ಏರಿ ಮೈ ಕಾದುಹೋಗಿತ್ತು. ಉಸಿರು ಎಳೆಯುವಾಗ ಪಕ್ಕೆ ಒಳಗೆ ಹೋಗುತ್ತಿತ್ತು. ಕಾಂತರಾಜು ಆಟೋ ತಂದ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಚಿಕ್ಕ ವಯಸ್ಸಿನ ಡಾಕ್ಟರ್ ಅದನ್ನು ಬೆಳಕಿಗೆ ಹಿಡಿದು ನನ್ನನ್ನು ಕರೆದ. ಪಕ್ಕೆಲುಬುಗಳ ಮಧ್ಯೆ, ಬಲಗಡೆ, ಬೆಳ್ಳಗೆ ಒಂದು ಮೊಳೆ. ತಲೆ, ಮೊನೆ ಎಲ್ಲ ಸ್ಪಷ್ಟ.

“ಇದು ಶ್ವಾಸಕೋಶಕ್ಕೆ ಹೇಗೆ ಹೋಯ್ತಮ್ಮ?”

“ಸೋಫಾ ಕೆಲಸದವರು ಸಾರ್. ಬಾಯಲ್ಲಿ ಇಟ್ಕೋತಾರೆ.”

“ಕೆನ್ನೇಲಿ ಉಳ್ಕೊಂಡು ಮಲಗಿದಾಗ ಒಳಗೆ ಇಳಿದಿರುತ್ತೆ. ದಿನಾ ಬಾಯಿ ಚೆಕ್ ಮಾಡಿ ಅಂತ ಹೇಳಿರಲಿಲ್ವಾ? ಮಾಡ್ತಿದ್ರಾ?”

“ಮಾಡ್ತಿದ್ದೆ ಸಾರ್,” ಎಂದೆ.

ಕೊಳವೆ ಹಾಕಿ ಮೊಳೆ ತೆಗೆದಿದ್ದಾರೆ. ಆದರೆ ಎದೆಯೊಳಗೆ ಕೀವಾಗಿದೆಯಂತೆ. ನ್ಯುಮೋನಿಯಾ.

ಆಗಸ್ಟ್ 22, ಗುರುವಾರ

ಇವತ್ತು ರಮ್ಯಶ್ರೀಯ ನಿಶ್ಚಿತಾರ್ಥ. ರಾಮಯ್ಯನವರು ಫೋನಿಗೆ ಫೋಟೋ ಕಳಿಸಿದ್ದರು, ಹುಡುಗ ಹುಡುಗಿ ಆ ಕುರ್ಚಿಗಳಲ್ಲಿ ಕೂತಿದ್ದಾರೆ. ಇವರಿಗೆ ತೋರಿಸಲು ಐಸಿಯು ಬಾಗಿಲಲ್ಲಿ ಫೋನ್ ಹಿಡಿದು ನಿಂತೆ. ಫೋನ್ ಒಳಗೆ ತರಬಾರದು ಎಂದರು. ಬಾಯಲ್ಲಿ ಕೊಳವೆ, ಕಣ್ಣು ಮುಚ್ಚಿತ್ತು. ನಾನೇ ಹೇಳಿದೆ, ಕುರ್ಚಿ ಚೆನ್ನಾಗಿ ಬಂದಿದೆ ಕಣ್ರೀ ಎಂದು. ಬೆನ್ನಿನ ಸಾಲಿನ ವಿಷಯ ಹೇಳಲು ಬಾಯಿ ಬರಲಿಲ್ಲ, ಪಕ್ಕದಲ್ಲಿ ನರ್ಸ್ ಇದ್ದಳು.

ಆಗಸ್ಟ್ 27, ಮಂಗಳವಾರ

ಹೋದರು.

ಸೆಪ್ಟೆಂಬರ್ 6, ಶುಕ್ರವಾರ

ಊರಿಗೆಲ್ಲ ಗೌರಿ ಹಬ್ಬ, ನಮ್ಮ ಮನೆಯಲ್ಲಿ ಹನ್ನೊಂದರ ಕಾರ್ಯ. ನೆಂಟರೆಲ್ಲ ಬಂದಿದ್ದರು. ಪಟಾಲಮ್ಮ ಎಲ್ಲರ ಮುಂದೆ ನನ್ನ ತಲೆಯನ್ನು ಎದೆಗೆ ಒತ್ತಿಕೊಂಡು ಅತ್ತರು.

“ಹೆತ್ತ ತಾಯಿ ಮಾಡ್ತಿರ್ಲಿಲ್ಲ ಕಣ್ರೋ ಹಂಗೆ ಮಾಡವಳೆ ಇವಳು. ಬಾಯೊಳಗೆ ಬೆರಳು ಹಾಕಿ ತೊಳೆಯೋಳು. ನಾನು ಕಣ್ಣಾರೆ ನೋಡಿದೀನಿ. ಅವನೇ ಹಟಮಾರಿ, ಕೆಲಸ ಕೆಲಸ ಅಂತ ಆ ಮೊಳೇನೇ ಯಮ ಮಾಡ್ಕೊಂಡ.”

ಎಲ್ಲರೂ ಹೌದೆಂದು ತಲೆದೂಗಿದರು. ಇಡೀ ಜನ್ಮದಲ್ಲಿ ನನ್ನನ್ನು ಇಷ್ಟು ಜನ ಒಟ್ಟಿಗೆ ಹೊಗಳಿದ್ದಿಲ್ಲ. ನನಗೆ ಓಡಿಹೋಗಬೇಕು ಅನ್ನಿಸಿತು. ಬಡಿಸಲು ಎದ್ದೆ.

ಸೆಪ್ಟೆಂಬರ್ 11, ಬುಧವಾರ

ಶಟರ್ ಎತ್ತಿದೆ. ಮಂಚ ಒಳಗೆ ಹಾಕಿಸಿದ ಮೇಲೆ ಅಂಗಡಿಯಲ್ಲಿ ಜಾಗ ಬಹಳ ಆಗಿದೆ. ವಿಜಯನಗರದ ಮೇಡಂ ಸೋಫಾ ಅಲ್ಲೇ ಹಿಡಿಸುತ್ತದೆ. ಮಧ್ಯಾಹ್ನ ಅನ್ನ ಇಬ್ಬರಿಗಾಗುವಷ್ಟು ಇಟ್ಟುಬಿಟ್ಟಿದ್ದೆ. ಹಸಿವಿತ್ತು, ಎಲ್ಲ ತಿಂದೆ.

ಸೆಪ್ಟೆಂಬರ್ 14, ಶನಿವಾರ

ರಾಮಯ್ಯನವರ ಟೆಂಪೋ ಮತ್ತೆ ಬಂತು. ಎರಡೂ ಕುರ್ಚಿ ಇಳಿಸಿದರು. ಹೊಸ ಸೀರೆ ಉಟ್ಟವರನ್ನು ಮದುವೆ ಮನೆಯಿಂದ ವಾಪಸ್ ಕಳಿಸಿದ ಹಾಗೆ ಬೀದಿಯಲ್ಲಿ ನಿಂತಿದ್ದವು.

“ತಪ್ಪು ತಿಳ್ಕೋಬೇಡಮ್ಮ ಕಲಾ,” ಎಂದರು, ಕಣ್ಣಿಗೆ ಕಣ್ಣು ಕೊಡದೆ. “ನಿಶ್ಚಿತಾರ್ಥಕ್ಕೆ ಮಕ್ಕಳು ಕೂತಿದ್ದು ಇದ್ರ ಮೇಲೆ, ಅದೇ ವಾರ ಹೀಗಾಯ್ತು. ಅದೂ ಇದೇ ಕುರ್ಚಿ ಮೊಳೆಯಿಂದ ಅಂತ ಸುದ್ದಿ. ನಮ್ಮಮ್ಮ ಅನ್ನ ಬಿಟ್ಟು ಕೂತವಳೆ. ಕಾರ್ತೀಕದಲ್ಲಿ ಮದುವೆ. ತಾತನ ಕುರ್ಚಿ, ಎಸೆಯೋಕೂ ಮನಸ್ಸಿಲ್ಲ. ಎಲ್ಲ ಬಿಚ್ಚಿ ಮೊದಲಿಂದ ಮಾಡ್ಕೊಡು. ಬಟ್ಟೆ, ನಾರು ಎಲ್ಲಾ ಬೇರೆ. ಆ ಮೊಳೆ ಮಾತ್ರ ಒಂದೂ ಉಳೀಬಾರ್ದು.”

“ಆಯ್ತು ಸಾರ್,” ಎಂದೆ. ಅವರದೂ ತಪ್ಪಲ್ಲ. ನಮ್ಮ ಮನೆಯಲ್ಲಾಗಿದ್ದರೆ ಪಟಾಲಮ್ಮ ಸೌದೆ ಒಲೆಗೇ ಹಾಕಿಸುತ್ತಿದ್ದರು.

ಸೆಪ್ಟೆಂಬರ್ 16, ಸೋಮವಾರ

ಮೊದಲ ಕುರ್ಚಿ ನಿನ್ನೆಯೇ ಬಿಚ್ಚಿದೆ. ಅದರಲ್ಲಿರುವುದೆಲ್ಲ ನನ್ನ ಮೊಳೆಗಳು, ಸಲೀಸಾಗಿ ಬಂದವು. ನನಗಿನ್ನೂ ಇವರಷ್ಟು ಆಳ ಹೊಡೆಯಲು ಬರುವುದಿಲ್ಲ.

ಇವತ್ತು ಎರಡನೆಯದು. ಬೆನ್ನಿನ ಲೇಸು ಎಳೆದೆ. ಇವರ ಸಾಲು ಈಚೆ ಬಂತು. ಕೀಳುವ ಉಳಿಯನ್ನು ಕೈಯಲ್ಲಿ ಹಿಡಿದು ಸುಮಾರು ಹೊತ್ತು ನೋಡುತ್ತಾ ಕೂತೆ. ಅವತ್ತು ಸರಿಯಾಗಿ ನೋಡಿರಲಿಲ್ಲ. ಒಂದು ಮೊಳೆಯೂ ಹಿಂದೆ ಮುಂದೆ ಆಗಿಲ್ಲ. ಈ ಕೈ ದಸರಾದವರೆಗೂ ಕಾಯುತ್ತಿರಲಿಲ್ಲ. ಇನ್ನು ಸ್ವಲ್ಪ ದಿನ ಸಿಕ್ಕಿದ್ದರೆ ಇವರು ಇಲ್ಲೇ, ಈ ಸ್ಟೂಲಿನ ಮೇಲೆ ಕೂತು ನನಗೆ ಕತ್ತರಿ ಕೊಡು ಎನ್ನುತ್ತಿದ್ದರು. ನಾನು ಮಿಷನ್ ಮುಂದೆ ಇರುತ್ತಿದ್ದೆ. ಉಳಿ ಕೆಳಗಿಟ್ಟೆ. ಅತ್ತೆ. ಇವರು ಹೋದ ದಿನವೂ ಹಾಗೆ ಅತ್ತಿರಲಿಲ್ಲ.

ಸೆರಗಿನಲ್ಲಿ ಮುಖ ಒರೆಸಿಕೊಂಡು ಮೊದಲ ಮೊಳೆ ಕಿತ್ತೆ. ಅಷ್ಟರಲ್ಲಿ ಕಾಂತರಾಜು ಪಾಲಿಷ್ ಡಬ್ಬ ಹಿಡಿದುಕೊಂಡು ಬಂದ. ಕುರ್ಚಿಯ ಹಿಂದೆ ಬಗ್ಗಿ ಸಾಲಿನ ಮೇಲೆ ಬೆರಳು ಎಳೆದ.

“ಅಕ್ಕಾ, ಇದು ಅಣ್ಣ ಹೊಡೆದಿದ್ದಲ್ವಾ? ಎಡಗೈಲಾ? ಅಯ್ಯೋ, ಕೈ ವಾಪಸ್ ಬಂದಿತ್ತಲ್ಲಕ್ಕ ಅವ್ರಿಗೆ!”

“ಅಲ್ಲ,” ಎಂದೆ. “ಅದು ನಾನು ಹೊಡೆದಿದ್ದು.”

ಅವನು ನನ್ನ ಮುಖ ನೋಡಿದ, ಮತ್ತೆ ಸಾಲು ನೋಡಿದ.

“ಹೌದಾ? ಥೇಟ್ ಅಣ್ಣನ ಕೈ ಇದ್ದ ಹಾಗಿದೆ. ಭಾಳಾ ಚೆನ್ನಾಗಿ ಕಲ್ತಿದ್ದೀರಕ್ಕ,” ಎಂದ.

ಡಬ್ಬ ಇಟ್ಟು ಹೋದ. ಉಳಿದವನ್ನು ಒಂದೊಂದಾಗಿ ಕಿತ್ತೆ. ಆಳಕ್ಕೆ ಹೊಡೆದಿದ್ದರು, ಪೂರ್ತಿ ಬರುವಷ್ಟರಲ್ಲಿ ಮಧ್ಯಾಹ್ನವಾಯಿತು.